ಒಬ್ಬನೇ ಲೇಖಕ, ಹಲವು ಹೆಸರು: ಕ್ಯಾಟಲಾಗ್ ರೆಕಾರ್ಡ್‌ಗಳನ್ನು ಎಷ್ಟು ಸರಿಪಡಿಸಬೇಕು?

ನೇತಿಪಾಠ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾನು ಪಿಎಚ್‌ಡಿ ವಿದ್ಯಾರ್ಥಿನಿ. ತತ್ವಶಾಸ್ತ್ರ ಮತ್ತು ದೇವತಾಶಾಸ್ತ್ರ ಎರಡೂ ಕೂಡುವ ಜಾಗದಲ್ಲಿ ನನ್ನ ಥೀಸಿಸ್ ಇದೆ. ದೇವರು ಇಂಥವನು ಅನ್ನುವುದಕ್ಕಿಂತ ಇಂಥವನಲ್ಲ ಅನ್ನುವುದೇ ಹೆಚ್ಚು ಸರಿ ಎಂದು ಹೇಳುವ ಒಂದು ಧಾರೆ ಕ್ರೈಸ್ತ ಚಿಂತನೆಯಲ್ಲಿ ಇದೆಯಲ್ಲ, ಅದರ ಬುಡದಲ್ಲಿ ಇರುವುದು ಡಯೊನೀಸಿಯಸ್ ಹೆಸರಿನಲ್ಲಿ ಬಂದ ಗ್ರೀಕ್ ಬರಹಗಳು. ದೈವನಾಮಗಳ ಬಗ್ಗೆ ಒಂದು ಗ್ರಂಥ, ಅನುಭಾವದ ಬಗ್ಗೆ ಒಂದು ಪುಟ್ಟ ಗ್ರಂಥ, ಸ್ವರ್ಗದ ಮತ್ತು ಕ್ರೈಸ್ತ ಸಭೆಯ ಶ್ರೇಣಿಗಳ ಬಗ್ಗೆ ಎರಡು, ಜೊತೆಗೆ ಹತ್ತು ಪತ್ರಗಳು. ಇಷ್ಟೇ. ಈ ಸಣ್ಣ ಕಟ್ಟು ಅಚ್ಚಿನ ಕಾಲದಲ್ಲಿ ಯಾವ ಭಾಷೆಗೆ, ಯಾವಾಗ, ಯಾರ ಹೆಸರಿನಲ್ಲಿ ಹೋಯಿತು ಅನ್ನುವುದನ್ನು ಲೈಬ್ರರಿ ಕ್ಯಾಟಲಾಗ್‌ಗಳಿಂದ ತಿಳಿಯಬೇಕು ಅಂತ ಹೊರಟಿದ್ದೇನೆ.

ಓದಿನ ಜೊತೆಗೆ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಮೆಟಾಡೇಟಾ ವಿಭಾಗದ ಅರೆಕಾಲಿಕ ಕೆಲಸವೂ ಇದೆ. ಫಿಲಾಸಫಿ ಮತ್ತು ಥಿಯಾಲಜಿ ಪುಸ್ತಕಗಳ ರೆಕಾರ್ಡ್ ನೋಡುವುದು, ಎರಡೆರಡು ಸಲ ಬಂದಿರುವುದನ್ನು ಗುರುತಿಸುವುದು, ಹೆಸರು ನಿಯಮದ ಪ್ರಕಾರ ಇದೆಯಾ ಅಂತ ನೋಡುವುದು. ಹಾಗಾಗಿ ಮಾರ್ಕ್ (ಲೈಬ್ರರಿ ರೆಕಾರ್ಡ್‌ಗಳ ಸಿದ್ಧ ನಮೂನೆ) ಮತ್ತು ಅದರ ಸಂಖ್ಯೆ ಹಾಕಿದ ಫೀಲ್ಡ್‌ಗಳು ನನಗೆ ಹೊಸದಲ್ಲ. ಆದರೆ ರೆಕಾರ್ಡ್ ತಿದ್ದುವುದು ಬೇರೆ, ರೆಕಾರ್ಡ್‌ಗಳನ್ನೇ ಆಧಾರ ಮಾಡಿಕೊಂಡು ವಾದ ಕಟ್ಟುವುದು ಬೇರೆ. ಎರಡನೆಯದು ಕಷ್ಟ ಆಗುತ್ತಿದೆ.

ಹಲವು ಕಡೆಯಿಂದ ಕೆಲವು ಸಾವಿರ ರೆಕಾರ್ಡ್ ಇಳಿಸಿಕೊಂಡು ಸ್ಪ್ರೆಡ್‌ಶೀಟ್‌ಗೆ ಹಾಕಿದ್ದೇನೆ. ಲೇಖಕರ ಕಾಲಂ ಒಂದನ್ನೇ ನೋಡಿದರೂ ತಲೆ ಕೆಡುತ್ತದೆ. ಒಂದು ಕಡೆ 'ಸ್ಯೂಡೊ-ಡಯೊನೀಸಿಯಸ್', ಅಂದರೆ ಹುಸಿ ಡಯೊನೀಸಿಯಸ್, ಇನ್ನೊಂದು ಕಡೆ 'ಸ್ಯೂಡೊ' ಇಲ್ಲದೆ ಬರೀ 'ಡಯೊನೀಸಿಯಸ್ ಆರಿಯೋಪಗೈಟ್', ಮತ್ತೊಂದು ಕಡೆ ಅದೇ ಹೆಸರಿಗೆ 'ಸಂತ' ಅಂತ ಸೇರಿಸಿದ್ದಾರೆ. ಕೆಲವು ಕಡೆ ಲೇಖಕರ ಜಾಗವೇ ಖಾಲಿ, ಅನುವಾದಕರ ಹೆಸರು ಮಾತ್ರ ಇದೆ.

ನನ್ನ ಗೈಡ್ ಹೇಳುವುದು ಇಷ್ಟು: "ಎಲ್ಲವನ್ನೂ ಒಂದೇ ಹೆಸರಿಗೆ ತಂದುಬಿಡಿ, ಆಮೇಲೆ ಎಣಿಸಿ." ಎಣಿಸಬೇಕಾದರೆ ಒಂದು ಮಾಡಲೇಬೇಕು, ಒಪ್ಪುತ್ತೇನೆ. ಆದರೆ ಯಾರ ಹೆಸರಿನಲ್ಲಿ ಹೋಯಿತು ಅನ್ನುವುದೇ ನನ್ನ ಪ್ರಶ್ನೆ ಆಗಿರುವಾಗ ಹೆಸರನ್ನೇ ಒರೆಸಿಬಿಟ್ಟರೆ ಉಳಿಯುವುದೇನು?

ಇನ್ನೊಂದು ವಿಷಯ. ವಿಷಯಶೀರ್ಷಿಕೆಗಳಲ್ಲಿ, ಅಂದರೆ 650ನೇ ಫೀಲ್ಡ್‌ನಲ್ಲಿ, 'ನೆಗೆಟಿವ್ ಥಿಯಾಲಜಿ' ಅಂತ ಹುಡುಕಿದರೆ ಸಿಗುವುದು ಬಹುಪಾಲು ಇತ್ತೀಚಿನ ವಿಮರ್ಶಾ ಪುಸ್ತಕಗಳು. ಮೂಲಗ್ರಂಥಗಳೇ ಬರುತ್ತಿಲ್ಲ. ಇದನ್ನು ನೋಡಿ "ಈ ವಿಷಯದ ಬಗ್ಗೆ ಆಸಕ್ತಿ ಇತ್ತೀಚೆಗೆ ಬೆಳೆಯಿತು" ಅಂತ ಬರೆಯಬಹುದಾ? ಮನಸ್ಸು ಒಪ್ಪುತ್ತಿಲ್ಲ.

ಕ್ಯಾಟಲಾಗಿಂಗ್ ಗೊತ್ತಿರುವವರು, ಇಂಥ ಡೇಟಾ ಬಳಸಿ ಬರೆದವರು, ಯಾರಾದರೂ ದಾರಿ ತೋರಿಸಿ.

ಸ್ಕ್ರಿಪ್ಟಿಗ:

ಮೊದಲು ಓಪನ್‌ರಿಫೈನ್‌ಗೆ ಹಾಕಿ, ಅದು ಡೇಟಾ ಚೊಕ್ಕ ಮಾಡುವ ಪ್ರೋಗ್ರಾಂ. ಉಚಿತ, ನಿಮ್ಮ ಕಂಪ್ಯೂಟರ್‌ನಲ್ಲೇ ಓಡುತ್ತದೆ. ಅದರಲ್ಲಿ ಕ್ಲಸ್ಟರ್ ಅಂತ ಒಂದು ಸೌಲಭ್ಯ ಇದೆ. 'ಫಿಂಗರ್‌ಪ್ರಿಂಟ್' ವಿಧಾನ ಆರಿಸಿದರೆ ವಿರಾಮಚಿಹ್ನೆ ತೆಗೆದು, ಅಕ್ಷರಗಳ ಮೇಲಿನ ಗುರುತು ತೆಗೆದು, ಪದಗಳನ್ನು ಅಕಾರಾದಿಯಾಗಿ ಜೋಡಿಸಿ ಹೋಲಿಸುತ್ತದೆ. 'ಥಾಮಸ್, ಅಕ್ವೈನಸ್' ಮತ್ತು 'ಅಕ್ವೈನಸ್ ಥಾಮಸ್' ಒಂದೇ ಗುಂಪಿಗೆ ಬೀಳುತ್ತವೆ. ಇಂಥ ಚಿಲ್ಲರೆ ವ್ಯತ್ಯಾಸಗಳಿಗೆ ಕೈಯಲ್ಲಿ ಕೂತು ಒದ್ದಾಡಬೇಡಿ.

ಆದರೆ 'ಸ್ಯೂಡೊ' ಅನ್ನುವುದು ಹೆಚ್ಚುವರಿ ಪದ. ಅದು ಇರುವುದೂ ಇಲ್ಲದ್ದೂ ಈ ವಿಧಾನದಲ್ಲಿ ಒಂದಾಗುವುದಿಲ್ಲ. ಅದಕ್ಕೆ ವಿಯಾಫ್‌ನ ಗುರುತುಸಂಖ್ಯೆ ಜೊತೆ ಹೊಂದಿಸಿ. ಬೇರೆ ಬೇರೆ ದೇಶಗಳ ರಾಷ್ಟ್ರೀಯ ಲೈಬ್ರರಿಗಳ ಹೆಸರಿನ ಫೈಲ್‌ಗಳನ್ನು ಅದು ಒಂದೆಡೆ ಜೋಡಿಸುತ್ತದೆ.

ಒಂದು ಎಚ್ಚರಿಕೆ. ವಿಯಾಫ್ ಕೂಡ ಯಂತ್ರ ಹೊಂದಿಸಿದ್ದು. ಕಣ್ಣು ಮುಚ್ಚಿ ನಂಬಬೇಡಿ. ತತ್ವಶಾಸ್ತ್ರದಲ್ಲಿ ಜೊಹಾನೆಸ್ ಕ್ಲಿಮಾಕಸ್ ಅಂತ ಬಂದರೆ ಅದು 7ನೇ ಶತಮಾನದ ಸೈನಾಯ್ ಬೆಟ್ಟದ ಸನ್ಯಾಸಿಯೂ ಆಗಿರಬಹುದು, ಡ್ಯಾನಿಶ್ ತತ್ವಜ್ಞಾನಿ ಕಿರ್ಕೆಗಾರ್ಡ್ 1844ರಲ್ಲಿ ಬಳಸಿದ ಗುಪ್ತನಾಮವೂ ಆಗಿರಬಹುದು. ಸ್ಪೆಲಿಂಗ್ ನೋಡಿ ಹೊಂದಿಸುವ ಯಾವ ಪ್ರೋಗ್ರಾಂಗೂ ಇದು ಗೊತ್ತಾಗುವುದಿಲ್ಲ.

ಕಾರ್ಡ್_ಡ್ರಾಯರ್:

ನೇತಿಪಾಠ ಅವರೇ, ನಿಮ್ಮ ಮನಸ್ಸು ಹೇಳುತ್ತಿರುವುದು ಸರಿಯಾಗಿದೆ. ನಿಮ್ಮ ಗೈಡ್ ಹೇಳಿದ್ದೂ ತಪ್ಪಲ್ಲ. ಎರಡೂ ಆಗಬೇಕು, ಆದರೆ ಬೇರೆ ಬೇರೆ ಕಾಲಂನಲ್ಲಿ ಆಗಬೇಕು. ನಾನು ತುಂಬಾ ವರ್ಷ ಥಿಯಾಲಜಿ ಪುಸ್ತಕಗಳನ್ನು ಕ್ಯಾಟಲಾಗ್ ಮಾಡಿದವನು. ಇದರ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯ ಇದೆ, ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ನಿಮ್ಮ ಲೇಖಕನ ಕಥೆಯಿಂದಲೇ ಶುರು ಮಾಡುತ್ತೇನೆ. ಅವನ ವಿಷಯದಲ್ಲಿ ಹೆಸರು ಬೆರೆಸುವ ಕೆಲಸ ಕಂಪ್ಯೂಟರ್ ಬರುವ ಎಷ್ಟೋ ಮುಂಚೆಯೇ ಆಗಿದೆ. ಬೈಬಲ್‌ನ ಅಪೊಸ್ತಲರ ಕೃತ್ಯಗಳು 17ನೇ ಅಧ್ಯಾಯದಲ್ಲಿ ಪೌಲನ ಮಾತು ಕೇಳಿ ನಂಬಿದ ಅಥೆನ್ಸ್‌ನ ಡಯೊನೀಸಿಯಸ್, ಅಂದರೆ ಆರಿಯೋಪಗೈಟ್, ಒಬ್ಬ. ಪ್ಯಾರಿಸ್‌ನಲ್ಲಿ ಹುತಾತ್ಮನಾದ 3ನೇ ಶತಮಾನದ ಬಿಷಪ್ ಡೆನಿಸ್ ಇನ್ನೊಬ್ಬ. ಈ ಗ್ರೀಕ್ ಗ್ರಂಥಗಳನ್ನು ಬರೆದು, ಮೊದಲನೆಯವನ ಹೆಸರು ಇಟ್ಟುಕೊಂಡವನು ಮೂರನೆಯವನು. 827ರಲ್ಲಿ ಬೈಜಾಂಟಿಯಂ ಚಕ್ರವರ್ತಿಯಿಂದ ಫ್ರಾಂಕರ ದೊರೆ ಧರ್ಮಿಷ್ಠ ಲೂಯಿಗೆ ಈ ಗ್ರಂಥಗಳ ಹಸ್ತಪ್ರತಿ ಉಡುಗೊರೆಯಾಗಿ ಬಂತು. ಸೇಂಟ್ ಡೆನಿಸ್ ಮಠದ ಮುಖ್ಯಸ್ಥ ಹಿಲ್ಡುಯಿನ್ ಅದನ್ನು ಲ್ಯಾಟಿನ್‌ಗೆ ತಂದ. ತಮ್ಮ ಮಠದ ಸಂತನ ಚರಿತ್ರೆ ಬರೆಯುವಾಗ ಮೂವರನ್ನೂ ಒಬ್ಬನನ್ನಾಗಿ ಮಾಡಿಬಿಟ್ಟ. 12ನೇ ಶತಮಾನದಲ್ಲಿ ಅದೇ ಮಠದಲ್ಲಿದ್ದ ಪೀಟರ್ ಅಬೆಲಾರ್ಡ್ ಇದನ್ನು ಪ್ರಶ್ನೆ ಮಾಡಿ ದೊಡ್ಡ ಕಷ್ಟಕ್ಕೆ ಸಿಕ್ಕಿಕೊಂಡ.

ಅನುಮಾನ ಮತ್ತೆ ಗಟ್ಟಿಯಾಗಿ ಎದ್ದಿದ್ದು 15ನೇ ಶತಮಾನದಲ್ಲಿ, ಇಟಲಿಯ ವಿದ್ವಾಂಸ ಲೊರೆಂಜೊ ವಲ್ಲನಿಂದ. ಅವನ ಟಿಪ್ಪಣಿಗಳನ್ನು ಇರಾಸ್ಮಸ್ 1505ರಲ್ಲಿ ಅಚ್ಚು ಹಾಕಿಸಿದ. ಆಮೇಲೂ ವಾದ ನಡೆಯುತ್ತಲೇ ಇತ್ತು. 1895ರಲ್ಲಿ ಹ್ಯೂಗೊ ಕೋಖ್ ಮತ್ತು ಜೋಸೆಫ್ ಸ್ಟಿಗ್ಲ್‌ಮಾಯರ್, ಬೇರೆ ಬೇರೆಯಾಗಿ ಕೆಲಸ ಮಾಡಿ, ಈ ಬರಹಗಳು 5ನೇ ಶತಮಾನದ ಗ್ರೀಕ್ ತತ್ವಜ್ಞಾನಿ ಪ್ರೊಕ್ಲಸ್‌ನ ಮಾತುಗಳನ್ನು ಬಳಸಿಕೊಂಡಿವೆ ಎಂದು ತೋರಿಸಿದರು. ಅಂದಮೇಲೆ ಪೌಲನ ಶಿಷ್ಯ ಬರೆದಿರಲು ಸಾಧ್ಯವೇ ಇಲ್ಲ. ಲೈಬ್ರರಿಗಳ ಅಧಿಕೃತ ಹೆಸರಿನಲ್ಲಿ 'ಸ್ಯೂಡೊ' ಕೂತಿರುವುದು ಇಂಥ ವಿದ್ವತ್ತಿನ ಬಲದ ಮೇಲೆ.

ಈಗ ಒಂದು ರೆಕಾರ್ಡ್ ಬಿಡಿಸಿ ನೋಡೋಣ. ಜಾನ್ ಪಾರ್ಕರ್ ಮಾಡಿದ ಇಂಗ್ಲಿಷ್ ಅನುವಾದ 1897ರಲ್ಲಿ ಬರಲು ಶುರುವಾಯಿತು. 1895 ಆಗಿಹೋಗಿದೆ, ಆದರೂ ಪಾರ್ಕರ್ ಇವು ಪೌಲನ ಶಿಷ್ಯನವೇ ಎಂದು ನಂಬಿದ್ದರು. ಶೀರ್ಷಿಕೆ ಪುಟದಲ್ಲಿ 'ಸ್ಯೂಡೊ' ಇಲ್ಲ. ಇವತ್ತಿನ ನಿಯಮ ಪಾಲಿಸಿದ ರೆಕಾರ್ಡ್‌ನಲ್ಲಿ ಲೇಖಕರ ಹೆಸರಿನ 100ನೇ ಫೀಲ್ಡ್ 'ಸ್ಯೂಡೊ-ಡಯೊನೀಸಿಯಸ್' ಅನ್ನುತ್ತದೆ. 245ನೇ ಫೀಲ್ಡ್ ಶೀರ್ಷಿಕೆ ಪುಟವನ್ನು ಇದ್ದ ಹಾಗೆ ಎತ್ತಿ ಬರೆಯುತ್ತದೆ, ಅಲ್ಲಿ 'ಡಯೊನೀಸಿಯಸ್ ಆರಿಯೋಪಗೈಟ್' ಅಂತಲೇ ಇರುತ್ತದೆ. ಒಂದೇ ರೆಕಾರ್ಡ್, ಎರಡು ದನಿ. 100 ಲೈಬ್ರರಿಯ ತೀರ್ಪು. 245 ಪ್ರಕಾಶಕರು ಆವತ್ತು ಓದುಗರಿಗೆ ಹೇಳಿದ ಮಾತು. 1987ರಲ್ಲಿ ಪಾಲಿಸ್ಟ್ ಪ್ರೆಸ್‌ನಿಂದ ಬಂದ ಸಮಗ್ರ ಅನುವಾದ ತೆಗೆದುಕೊಳ್ಳಿ. ಅಲ್ಲಿ ಶೀರ್ಷಿಕೆಯಲ್ಲೇ 'ಸ್ಯೂಡೊ' ಇದೆ, ಎರಡೂ ದನಿ ಒಂದಾಗಿವೆ.

ನಿಮ್ಮ ಥೀಸಿಸ್ ಇರುವುದು ಈ ಎರಡರ ನಡುವಿನ ಅಂತರದಲ್ಲಿ. ಯಾವ ದಶಕದಲ್ಲಿ, ಯಾವ ಭಾಷೆಯಲ್ಲಿ, ಯಾವ ಬಗೆಯ ಪ್ರಕಾಶಕರಲ್ಲಿ ಶೀರ್ಷಿಕೆ ಪುಟ 'ಸ್ಯೂಡೊ' ಅನ್ನಲು ಶುರು ಮಾಡಿತು? 100ನೇ ಫೀಲ್ಡ್ ಮಾತ್ರ ಎಣಿಸಿದರೆ ಇದು ಯಾವತ್ತೂ ಕಾಣುವುದಿಲ್ಲ. 100 ಮತ್ತು 245 ಎರಡನ್ನೂ ಮುಟ್ಟದೆ ಇಟ್ಟುಕೊಳ್ಳಿ. ನಿಮ್ಮದೇ ಆದ ಮೂರನೇ ಕಾಲಂ ಮಾಡಿ, ಗೈಡ್ ಹೇಳಿದ ಒಂದೇ ಹೆಸರನ್ನು ಅಲ್ಲಿ ಹಾಕಿ. ಎಣಿಕೆ ಆ ಕಾಲಂ ಮೇಲೆ, ವಾದ ಮಿಕ್ಕ ಎರಡರ ಮೇಲೆ.

245 ವಿಷಯದಲ್ಲಿ ಒಂದೇ ಒಂದು ಮಾತು: ಶೀರ್ಷಿಕೆ ಪುಟದಲ್ಲಿ ಇಲ್ಲದ್ದನ್ನು ಕ್ಯಾಟಲಾಗರ್ ಸೇರಿಸಿದ್ದರೆ ಅದು ಚೌಕ ಕಂಸದಲ್ಲಿ ಇರುತ್ತದೆ. ಸ್ಪ್ರೆಡ್‌ಶೀಟ್‌ಗೆ ತರುವಾಗ ಎಷ್ಟೋ ಜನ ಆ ಕಂಸಗಳನ್ನು ಕಸ ಅಂತ ತೆಗೆದುಹಾಕುತ್ತಾರೆ. ನೀವು ಹಾಗೆ ಮಾಡಬೇಡಿ.

ಇನ್ನು ವಿಷಯಶೀರ್ಷಿಕೆ. "ಆಸಕ್ತಿ ಇತ್ತೀಚೆಗೆ ಬೆಳೆಯಿತು" ಅಂತ ದಯವಿಟ್ಟು ಬರೆಯಬೇಡಿ. ಪುಸ್ತಕದಲ್ಲಿ ಒಂದು ವಿಷಯ ಸುಮಾರು 20 ಶೇಕಡಾ ಇದ್ದರೆ ಮಾತ್ರ ಅದಕ್ಕೆ ಶೀರ್ಷಿಕೆ ಕೊಡಬೇಕು ಅನ್ನುವುದು ಲೈಬ್ರರಿ ಆಫ್ ಕಾಂಗ್ರೆಸ್‌ನ ಸಾಮಾನ್ಯ ಸೂತ್ರ. ಹತ್ತು ಅಧ್ಯಾಯದ ಪುಸ್ತಕದಲ್ಲಿ ಒಂದು ಅಧ್ಯಾಯ ಪೂರ್ತಿ ನಿಮ್ಮ ವಿಷಯವೇ ಇದ್ದರೂ 650ರಲ್ಲಿ ಸುಳಿವು ಇರುವುದಿಲ್ಲ. ಮೂಲಗ್ರಂಥಗಳಿಗೆ ಹಳೇ ಕ್ಯಾಟಲಾಗರ್‌ಗಳು 'ಮಿಸ್ಟಿಸಿಸಂ' ಅಂತಲೋ 'ಗಾಡ್' ಅಂತಲೋ ವಿಶಾಲವಾದ ಶೀರ್ಷಿಕೆ ಕೊಟ್ಟು, 'ಅರ್ಲಿ ವರ್ಕ್ಸ್ ಟು 1800' ಅಂತ ಉಪವಿಭಾಗ ಸೇರಿಸಿ ಮುಂದೆ ಹೋಗಿರುತ್ತಾರೆ. ಹೊಸ ಶೀರ್ಷಿಕೆ ಪಟ್ಟಿಗೆ ಬಂದಾಗ ಹಳೇ ರೆಕಾರ್ಡ್‌ಗಳನ್ನೆಲ್ಲ ಹೊರತೆಗೆದು ಯಾರೂ ತಿದ್ದುವುದಿಲ್ಲ, ಅಷ್ಟು ಜನ ಎಲ್ಲಿದ್ದಾರೆ? ಹಾಗಾಗಿ 650ರ ಎಣಿಕೆ ತೋರಿಸುವುದು ಶೀರ್ಷಿಕೆಯ ಬಳಕೆಯನ್ನು, ಚಿಂತನೆಯ ಬೆಳವಣಿಗೆಯನ್ನಲ್ಲ.

ನೇತಿಪಾಠ:

ತುಂಬಾ ಧನ್ಯವಾದ ಸರ್. 100 ಮತ್ತು 245 ಪಕ್ಕಪಕ್ಕ ಇಟ್ಟು ಓದುವುದು ನನಗೆ ಹೊಳೆದೇ ಇರಲಿಲ್ಲ. ಕೆಲಸದಲ್ಲಿ 245 ಅಂದರೆ ಚುಕ್ಕಿ, ಗೆರೆ ಸರಿ ಇದೆಯಾ ಅಂತ ಮಾತ್ರ ನೋಡುತ್ತಿದ್ದೆ. ಸಂಜೆ ಕೂತು ಫ್ರೆಂಚ್ ರೆಕಾರ್ಡ್‌ಗಳನ್ನು ಮಾತ್ರ ಬೇರೆ ಮಾಡಿ ಎರಡು ಕಾಲಂ ಹೋಲಿಸಿದೆ. 'ಸಂತ' ಅನ್ನುವುದು 245ರಲ್ಲಿ ಎಷ್ಟು ತಡವಾಗಿ ಬಿಟ್ಟುಹೋಗುತ್ತದೆ ಅಂತ ನೋಡಿದರೆ ಇದೇ ಒಂದು ಅಧ್ಯಾಯ ಆಗುತ್ತದೆ ಅನಿಸಿತು. ತುಂಬಾ ಖುಷಿಯಾಗಿದೆ.

ಎರಡು ಅನುಮಾನ ಉಳಿದಿವೆ. ಒಂದು, 'ಇವನದು ಅಂತ ಹೇಳುತ್ತಾರೆ, ಖಚಿತವಿಲ್ಲ' ಅನ್ನುವುದನ್ನು ದಾಖಲಿಸಲು ಮಾರ್ಕ್‌ನಲ್ಲೇ ಜಾಗ ಇದೆಯಾ, ಅಥವಾ ನನ್ನ ಸ್ಪ್ರೆಡ್‌ಶೀಟ್‌ನಲ್ಲಿ ನಾನೇ ಮಾಡಿಕೊಳ್ಳಬೇಕಾ? ಎರಡು, ಮೀನ್ಯ ಪ್ರಕಟಿಸಿದ ಗ್ರೀಕ್ ಪಿತೃಗಳ (ಹಳೇ ಕ್ರೈಸ್ತ ಲೇಖಕರ) ಮಾಲೆಯ 3ನೇ ಸಂಪುಟದಲ್ಲಿ ಡಯೊನೀಸಿಯಸ್ ಇದ್ದಾನೆ. ಆದರೆ ಎಷ್ಟೋ ಕ್ಯಾಟಲಾಗ್‌ಗಳಲ್ಲಿ ಇಡೀ ಮಾಲೆಗೆ ಒಂದೇ ರೆಕಾರ್ಡ್. ಅದರಲ್ಲಿ ಅವನ ಹೆಸರೇ ಇಲ್ಲ. ಇದನ್ನು ಎಣಿಸುವುದಾ ಬಿಡುವುದಾ?

ಭಾಷ್ಯಕಾರ:

ಮೊದಲ ಅನುಮಾನಕ್ಕೆ ನಾನು ಹೇಳುತ್ತೇನೆ, ಏಕೆಂದರೆ ವೇದಾಂತದ ರೆಕಾರ್ಡ್‌ಗಳಲ್ಲಿ ನನಗೂ ಇದೇ ತಲೆನೋವು. ಶಂಕರರ ಹೆಸರಿನಲ್ಲಿ ಇರುವ ಕೃತಿಗಳ ರಾಶಿ ನೋಡಿ. ಬ್ರಹ್ಮಸೂತ್ರ ಭಾಷ್ಯ ಅವರದೇ ಅನ್ನುವುದರಲ್ಲಿ ವಿದ್ವಾಂಸರಿಗೆ ಅನುಮಾನ ಇಲ್ಲ. ವಿವೇಕಚೂಡಾಮಣಿ ಬಗ್ಗೆ ಇದೆ. ಮಠಾಧಿಪತಿಗಳೆಲ್ಲ ಶಂಕರಾಚಾರ್ಯ ಎಂದೇ ಕರೆಸಿಕೊಳ್ಳುವುದರಿಂದ ಗೊಂದಲ ಜಾಸ್ತಿ. ಪೌಲ್ ಹ್ಯಾಕರ್ ಅನ್ನುವ ಜರ್ಮನ್ ವಿದ್ವಾಂಸರು ಹಸ್ತಪ್ರತಿಗಳ ಕೊನೆಯ ಪುಷ್ಪಿಕೆಯಲ್ಲಿ 'ಭಗವತ್ಪಾದ' ಇದೆಯಾ 'ಆಚಾರ್ಯ' ಇದೆಯಾ ಅಂತ ನೋಡಿ ಬೇರ್ಪಡಿಸಲು ಹೊರಟಿದ್ದು ಇದೇ ಕಾರಣಕ್ಕೆ. ಆದರೆ ಕ್ಯಾಟಲಾಗ್‌ನಲ್ಲಿ ಎರಡಕ್ಕೂ 100ರಲ್ಲಿ ಒಂದೇ ಹೆಸರು, ಯಾವ ಗುರುತೂ ಇಲ್ಲದೆ.

ಮಾರ್ಕ್‌ನಲ್ಲಿ ಜಾಗ ಇದೆ. ಹೆಸರಿನ ಫೀಲ್ಡ್‌ನಲ್ಲಿ '4' ಅನ್ನುವ ಸಬ್‌ಫೀಲ್ಡ್‌ನಲ್ಲಿ ಸಂಬಂಧದ ಕೋಡ್ ಹಾಕಬಹುದು. 'ಎಟಿಟಿ' ಅಂದರೆ ಇವರದು ಅಂತ ಹೇಳಲಾಗಿದೆ. 'ಡಿಯುಬಿ' ಅಂದರೆ ಕರ್ತೃತ್ವ ಅನುಮಾನ. ಹಳೇ ರೆಕಾರ್ಡ್‌ಗಳಲ್ಲಿ ಇವನ್ನು ಯಾರೂ ತುಂಬಿರುವುದಿಲ್ಲ. ಆದರೂ ನಿಮ್ಮ ಕಾಲಂನಲ್ಲಿ ಹೊಸ ಗುರುತುಗಳನ್ನು ಹುಟ್ಟಿಸುವ ಬದಲು ಇವನ್ನೇ ಬಳಸಿ. ನಾಳೆ ನಿಮ್ಮ ಡೇಟಾ ಬೇರೆಯವರ ಕೈಗೆ ಹೋದಾಗ ವಿವರಿಸುವ ಕೆಲಸ ಇರುವುದಿಲ್ಲ.

ನೀವು ಕೇಳದ ಇನ್ನೊಂದು ವಿಷಯ ಹೇಳಲೇಬೇಕು: ವರ್ಗಸಂಖ್ಯೆ. ಡ್ಯೂಯಿ ಪದ್ಧತಿ 1876ರಲ್ಲಿ ಬಂದಾಗಿನಿಂದ ತತ್ವಶಾಸ್ತ್ರಕ್ಕೆ 100, ಧರ್ಮಕ್ಕೆ 200. ನಡುವೆ ಗೋಡೆ. ಶಂಕರರ ಬ್ರಹ್ಮಸೂತ್ರ ಭಾಷ್ಯ 181.48ಕ್ಕೆ, ಅಂದರೆ ತತ್ವಶಾಸ್ತ್ರದ ಕಡೆ ಹೋಗಬಹುದು. ಅವರದೇ ಗೀತಾ ಭಾಷ್ಯ 294.5924ಕ್ಕೆ, ಧರ್ಮದ ಕಡೆ. ಒಬ್ಬರೇ, ಒಂದೇ ವಾದ, ಎರಡು ಕಪಾಟು. ಕ್ರೈಸ್ತ ಲೇಖಕರಿಗೂ ಇದು ತಪ್ಪಿದ್ದಲ್ಲ. ಲೈಬ್ರರಿ ಆಫ್ ಕಾಂಗ್ರೆಸ್ ಪದ್ಧತಿಯಲ್ಲಿ ಥಾಮಸ್ ಅಕ್ವೈನಸ್‌ನ ತತ್ವಶಾಸ್ತ್ರ ಬಿ 765ರಲ್ಲಿ, ಅವನ ದೇವತಾಶಾಸ್ತ್ರದ ಮಹಾಗ್ರಂಥ ಬಿಎಕ್ಸ್ 1749ರಲ್ಲಿ. ನಿಮ್ಮ ಡಯೊನೀಸಿಯಸ್ ಸಾಮಾನ್ಯವಾಗಿ ಬಿಆರ್ 65ರಲ್ಲಿ, ಸಭಾಪಿತೃಗಳ ಜೊತೆ ಇರುತ್ತಾನೆ. ಅವನು ಸಾಲ ತಂದ ಪ್ರೊಕ್ಲಸ್ ಮಾತ್ರ ಬಿ ಕಪಾಟಿನಲ್ಲಿ, ಗ್ರೀಕ್ ತತ್ವಜ್ಞಾನಿಗಳ ಜೊತೆ.

ಹಾಗಾಗಿ ಬಿ ಕಪಾಟಿನದ್ದನ್ನು ಮಾತ್ರ ಇಳಿಸಿಕೊಂಡು "ತತ್ವಶಾಸ್ತ್ರದಲ್ಲಿ ಇವನು ಕಾಣುವುದಿಲ್ಲ" ಅಂದರೆ ಅರ್ಥವಿಲ್ಲ. ಆದರೆ ಯಾವ ಲೈಬ್ರರಿ ಅವನನ್ನು ರೂಢಿ ಬಿಟ್ಟು ತತ್ವಶಾಸ್ತ್ರಕ್ಕೆ ಹಾಕಿದೆ ಅಂತ ನೋಡಿದರೆ ಅದು ನಿಜವಾದ ಮಾಹಿತಿ. ವರ್ಗಸಂಖ್ಯೆ ಇರುವ 050, 082, 090 ಮೂರೂ ಫೀಲ್ಡ್ ಉಳಿಸಿಕೊಳ್ಳಿ. ನನಗೆ ಕೇಳಿದರೆ, ತತ್ವಶಾಸ್ತ್ರ ಎಲ್ಲಿ ಮುಗಿದು ದೇವತಾಶಾಸ್ತ್ರ ಎಲ್ಲಿ ಶುರುವಾಗುತ್ತದೆ ಅನ್ನುವುದರ ಬಗ್ಗೆ ಲೈಬ್ರರಿಗಳು ದಿನವೂ ಕೊಡುವ ಉತ್ತರ ಇದು. ಯಾರೂ ಇದನ್ನು ಓದುತ್ತಿಲ್ಲ ಅನ್ನುವುದು ನನ್ನ ಕೊರಗು.

ಕಾರ್ಡ್_ಡ್ರಾಯರ್:

ಭಾಷ್ಯಕಾರರು ಹೇಳಿದ್ದಕ್ಕೆ ನನ್ನದೂ ಒಂದು ಮತ. ಮೀನ್ಯ ಬಗ್ಗೆ ನಾನು ಹೇಳುತ್ತೇನೆ.

ಆ ಗ್ರೀಕ್ ಮಾಲೆ 1857ರಿಂದ 1866ರವರೆಗೆ ಬಂತು, 161 ಸಂಪುಟ. ಒಂದೊಂದಕ್ಕೂ ಬೇರೆ ರೆಕಾರ್ಡ್ ಮಾಡುವ ಜನ ಬಲ ಎಲ್ಲ ಲೈಬ್ರರಿಗೂ ಇರಲಿಲ್ಲ. ಕೆಲವರು ಮಾಡಿದ್ದಾರೆ. ಆಗ ಸಂಪುಟದ ರೆಕಾರ್ಡ್‌ನಲ್ಲಿ ಮಾಲೆಯ ಹೆಸರು 490 ಮತ್ತು 830ರಲ್ಲಿ ಇರುತ್ತದೆ. ಸಂಪುಟದ ಒಳಗಿನ ಒಂದು ಕೃತಿಗೆ ರೆಕಾರ್ಡ್ ಮಾಡಿದ್ದರೆ 773 ಅದನ್ನು ದೊಡ್ಡ ಗ್ರಂಥಕ್ಕೆ ಜೋಡಿಸುತ್ತದೆ. ಇನ್ನು ಕೆಲವರು 505ರಲ್ಲಿ ಪರಿವಿಡಿ ಬರೆದಿರುತ್ತಾರೆ. ಮಿಕ್ಕವರಲ್ಲಿ ನಿಮ್ಮ ಲೇಖಕ ಕಪಾಟಿನಲ್ಲಿ ಇದ್ದಾನೆ, ಕ್ಯಾಟಲಾಗ್‌ನಲ್ಲಿ ಇಲ್ಲ.

ಇದನ್ನು ಎಣಿಕೆಗೆ ಸೇರಿಸಬೇಡಿ. ಆದರೆ ಬೇರೆ ಪಟ್ಟಿ ಮಾಡಿ. ಸಂಗ್ರಹ ಗ್ರಂಥಗಳಲ್ಲಿ ಅಡಗಿರುವ ಮುದ್ರಣಗಳು ಯಾವುವು ಅನ್ನುವುದನ್ನು ನೀವು ಗ್ರಂಥಸೂಚಿಗಳಿಂದ ಕೈಯಾರೆ ಹುಡುಕಬೇಕು, ಕ್ಯಾಟಲಾಗ್ ಸಹಾಯ ಮಾಡುವುದಿಲ್ಲ. ಥಿಯಾಲಜಿ ಲೇಖನಗಳಿಗೆ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಲೈಬ್ರರಿ ನಡೆಸುವ ಇಂಡೆಕ್ಸ್ ಥಿಯಾಲಾಜಿಕಸ್ ನೋಡಿ, ಉಚಿತ. ನಿಮ್ಮ ಲೈಬ್ರರಿಗೆ ಅಟ್ಲಾ ಡೇಟಾಬೇಸ್ ಚಂದಾ ಇದ್ದರೆ ಅದನ್ನೂ ನೋಡಿ. ಫಿಲಾಸಫಿ ಕಡೆಗೆ ಫಿಲ್‌ಪೇಪರ್ಸ್. ಅಭಿನಂದನ ಗ್ರಂಥಗಳಲ್ಲಿ ಬಂದ ಲೇಖನಗಳು ಕ್ಯಾಟಲಾಗ್‌ನಲ್ಲಿ ಸಿಗುವುದೇ ಅಪರೂಪ. ಆದರೆ 008ನೇ ಫೀಲ್ಡ್‌ನ 30ನೇ ಸ್ಥಾನದಲ್ಲಿ 1 ಇದ್ದರೆ ಆ ಪುಸ್ತಕ ಅಭಿನಂದನ ಗ್ರಂಥ ಅಂತ ಅರ್ಥ. ಅವನ್ನು ಶೋಧಿಸಿ, ಕಪಾಟಿಗೆ ಹೋಗಿ ಪರಿವಿಡಿ ನೋಡಿ. ಬೇಸರದ ಕೆಲಸ, ಆದರೆ ಬೇರೆಯವರು ಮಾಡದೆ ಬಿಟ್ಟಿರುವುದರಿಂದ ನಿಮಗೆ ಸಿಗುವುದು ಜಾಸ್ತಿ.

ಕೊನೆಯದಾಗಿ, 040 ಮರೆಯಬೇಡಿ. ರೆಕಾರ್ಡ್ ಮೊದಲು ಮಾಡಿದ ಸಂಸ್ಥೆ ಯಾವುದು, ಆಮೇಲೆ ತಿದ್ದಿದವರು ಯಾರು ಅನ್ನುವುದು ಅಲ್ಲಿ ಇರುತ್ತದೆ. ಹತ್ತು ಲೈಬ್ರರಿಯಲ್ಲಿ ಒಂದೇ ಹೆಸರು ಇದೆ ಅಂತ ನಿಮಗೆ ಕಂಡರೆ, 040 ನೋಡಿ. ಹತ್ತೂ ಒಂದೇ ಕಡೆಯಿಂದ ನಕಲಾದ ರೆಕಾರ್ಡ್ ಆಗಿದ್ದರೆ ಅದು ಹತ್ತು ಸಾಕ್ಷಿ ಅಲ್ಲ, ಒಂದೇ ಸಾಕ್ಷಿ. ಪರೀಕ್ಷಕರು ಇದನ್ನು ಕೇಳದೆ ಬಿಡುವುದಿಲ್ಲ. ಕೇಳಲೂಬೇಕು.

ಸ್ಕ್ರಿಪ್ಟಿಗ:

040 ವಿಷಯ ನಾನು ಯೋಚಿಸಿರಲಿಲ್ಲ, ಒಳ್ಳೇ ಮಾತು. ಅದರ ಜೊತೆಗೆ 001, 003, 005 ಕೂಡ ಇಟ್ಟುಕೊಳ್ಳಿ. 001 ರೆಕಾರ್ಡ್ ಸಂಖ್ಯೆ, 003 ಯಾರು ಕೊಟ್ಟ ಸಂಖ್ಯೆ, 005 ಕೊನೆಯ ಸಲ ಯಾವಾಗ ತಿದ್ದಿದರು ಅನ್ನುವುದು. ಕ್ಯಾಟಲಾಗ್ ದಿನಾ ಬದಲಾಗುತ್ತದೆ. ಥೀಸಿಸ್‌ನಲ್ಲಿ ಒಂದು ರೆಕಾರ್ಡ್ ಉಲ್ಲೇಖಿಸುವಾಗ ಸಂಖ್ಯೆ ಮತ್ತು 005 ಎರಡೂ ಕೊಟ್ಟರೆ, ನೀವು ನೋಡಿದ್ದು ಯಾವ ರೂಪ ಅಂತ ಸ್ಪಷ್ಟ ಆಗುತ್ತದೆ. ಇಳಿಸಿಕೊಂಡ ಮೂಲ ಮಾರ್ಕ್ ಫೈಲ್‌ಗಳನ್ನು ಒಂದು ಫೋಲ್ಡರ್‌ನಲ್ಲಿ ಹಾಗೇ ಇಡಿ, ಅದರ ಮೇಲೆ ಏನೂ ಬರೆಯಬೇಡಿ. ಬದಲಾವಣೆ ಎಲ್ಲ ಪ್ರತಿಯ ಮೇಲೆ. ಓಪನ್‌ರಿಫೈನ್ ನೀವು ಮಾಡಿದ ಪ್ರತಿ ಹೆಜ್ಜೆಯನ್ನೂ ಬರೆದಿಟ್ಟುಕೊಳ್ಳುತ್ತದೆ. ಅದನ್ನು ಹೊರತೆಗೆದು ಅನುಬಂಧಕ್ಕೆ ಹಾಕಬಹುದು.

ಎರಡು ತಾಂತ್ರಿಕ ವಿಷಯ ಹೇಳದಿದ್ದರೆ ನಿಮ್ಮ ಗ್ರೀಕ್ ಶೀರ್ಷಿಕೆಗಳು ಕೈಕೊಡುತ್ತವೆ.

ಲಿಪ್ಯಂತರ ಮಾಡಿದ ಗ್ರೀಕ್‌ನಲ್ಲಿ ದೀರ್ಘ ಸ್ವರದ ಮೇಲೆ ಗೆರೆ ಇರುತ್ತದಲ್ಲ, ಅದನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು. ಗೆರೆ ಸೇರಿದ ಒಂದೇ ಅಕ್ಷರ, ಅಥವಾ ಅಕ್ಷರ ಬೇರೆ ಗೆರೆ ಬೇರೆ. ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಹೋಲಿಸಿದರೆ ಬೇರೆ ಬೇರೆ. ಲೈಬ್ರರಿ ರೆಕಾರ್ಡ್‌ಗಳಲ್ಲಿ ಬಿಡಿಯಾದ ರೂಪವೇ ಜಾಸ್ತಿ. ಇನ್ನೂ ಹಳೇ ಫೈಲ್ ಆದರೆ ಮಾರ್ಕ್-8 ಸಂಕೇತದಲ್ಲಿ ಇರುತ್ತದೆ, ಅದರಲ್ಲಿ ಗೆರೆ ಅಕ್ಷರಕ್ಕಿಂತ ಮೊದಲು ಬರುತ್ತದೆ. ರೆಕಾರ್ಡ್‌ನ ಶುರುವಿನಲ್ಲಿರುವ ಲೀಡರ್ ಭಾಗದಲ್ಲಿ 9ನೇ ಸ್ಥಾನ ನೋಡಿ: 'ಎ' ಇದ್ದರೆ ಯೂನಿಕೋಡ್, ಖಾಲಿ ಇದ್ದರೆ ಮಾರ್ಕ್-8. ಖಾಲಿ ಇರುವುದನ್ನು ಮಾರ್ಕ್‌ಎಡಿಟ್ ಅನ್ನುವ ಪ್ರೋಗ್ರಾಂನಲ್ಲಿ ಬದಲಿಸಿ, ಆಮೇಲೆ ಎಲ್ಲವನ್ನೂ ಒಂದೇ ಯೂನಿಕೋಡ್ ರೂಪಕ್ಕೆ ತನ್ನಿ. ಹೆಸರು ಹೋಲಿಸುವುದು ಅದಾದ ಮೇಲೆ.

ಎರಡನೆಯದು ಇಸವಿ. ದಶಕವಾರು ನಕ್ಷೆ ಮಾಡುವಾಗ 264 ಅಥವಾ 260ರ ಇಸವಿ ನೇರವಾಗಿ ತೆಗೆದುಕೊಂಡರೆ ಮರುಮುದ್ರಣಗಳೆಲ್ಲ ಹೊಸ ಪುಸ್ತಕ ಆಗಿ ಕೂರುತ್ತವೆ. ಪಾರ್ಕರ್ ಅನುವಾದದಂಥ ಹಳೇ ಪುಸ್ತಕ ಮತ್ತೆ ಅಚ್ಚಾದಾಗಲೆಲ್ಲ ಒಂದು ಹೊಸ ಇಸವಿ. 008ರ 6ನೇ ಸ್ಥಾನದಲ್ಲಿ 'ಆರ್' ಇದ್ದರೆ ಮರುಮುದ್ರಣ ಅಂತ ಅರ್ಥ. ಆಗ ಮೊದಲ ಇಸವಿ ಮರುಮುದ್ರಣದ್ದು, ಎರಡನೆಯದು ಮೂಲದ್ದು. ಎಲ್ಲರೂ ಇದನ್ನು ತುಂಬಿರುವುದಿಲ್ಲ, ಹಾಗಾಗಿ 534 ಮತ್ತು 500ರ ಟಿಪ್ಪಣಿಗಳನ್ನೂ ಹುಡುಕಿ. ಅನುವಾದಗಳಿಗೆ 041 ನೋಡಿ. ಅಲ್ಲಿ 'ಎಚ್' ಸಬ್‌ಫೀಲ್ಡ್ ಮೂಲ ಭಾಷೆ ಹೇಳುತ್ತದೆ, ಮತ್ತು ಗ್ರೀಕ್‌ನಿಂದ ನೇರವಾಗಿ ಬಂದಿದ್ದಾ ಅಥವಾ ಲ್ಯಾಟಿನ್ ಮೂಲಕ ಬಂದಿದ್ದಾ ಅನ್ನುವುದಕ್ಕೆ ಕೆಲವೊಮ್ಮೆ 'ಕೆ' ಸಬ್‌ಫೀಲ್ಡ್‌ನಲ್ಲಿ ನಡುವಿನ ಭಾಷೆಯೂ ಇರುತ್ತದೆ. ನಿಮ್ಮ ಪ್ರಶ್ನೆಗೆ ಇದು ತುಂಬಾ ಬೇಕಾದದ್ದು ಅಲ್ವಾ?

ನೇತಿಪಾಠ:

ಹೌದು, 'ಕೆ' ಸಬ್‌ಫೀಲ್ಡ್ ಬೇಕೇ ಬೇಕು. ಎಷ್ಟರಲ್ಲಿ ತುಂಬಿದ್ದಾರೆ ಅಂತ ಮೊದಲು ನೋಡುತ್ತೇನೆ. ತುಂಬದೆ ಇರುವುದಕ್ಕೆ ಮುನ್ನುಡಿ ಓದಿಯೇ ತಿಳಿಯಬೇಕು.

ಗೈಡ್ ಜೊತೆ ಮಾತಾಡಿದೆ. ಮೂರು ಕಾಲಂ ಯೋಜನೆ ಒಪ್ಪಿದರು. ಒಂದು ಷರತ್ತು ಹಾಕಿದರು: ನನ್ನ ಕಾಲಂನಲ್ಲಿ ಹಾಕುವ ಪ್ರತಿ ಹೆಸರಿಗೂ ಕಾರಣದ ಕಾಲಂ ಒಂದು ಇರಬೇಕು. ಅಂದರೆ ನಾಲ್ಕು ಕಾಲಂ. ಅದು ನ್ಯಾಯ ಅಂತ ನನಗೂ ಅನಿಸಿತು. ಲೈಬ್ರರಿಯಲ್ಲಿ ನನ್ನ ಮೇಲಿನವರಿಗೂ ಹೇಳಿದ್ದೇನೆ. ನಮ್ಮದೇ ರೆಕಾರ್ಡ್‌ಗಳಲ್ಲಿ ಲೇಖಕರ ಜಾಗ ಖಾಲಿ ಇರುವುದನ್ನು ನನ್ನ ಕೆಲಸದ ಸಮಯದಲ್ಲೇ ತುಂಬಲು ಒಪ್ಪಿಗೆ ಸಿಕ್ಕಿದೆ. ಥೀಸಿಸ್‌ಗೆ ಇಳಿಸಿಕೊಂಡ ಪ್ರತಿಯಲ್ಲಿ ಮಾತ್ರ ಅವು ಖಾಲಿಯಾಗಿಯೇ ಇರುತ್ತವೆ.

ಭಾಷ್ಯಕಾರ ಸರ್, ವರ್ಗಸಂಖ್ಯೆಗಳ ಬಗ್ಗೆ ನಿಮ್ಮ ಕೊರಗಿಗೆ ನನ್ನ ಹತ್ತಿರ ಡೇಟಾ ಇದೆ. 050 ಮತ್ತು 082 ಎರಡೂ ಇರುವ ರೆಕಾರ್ಡ್‌ಗಳನ್ನು ಬೇರೆ ಫೈಲ್ ಮಾಡಿ ಇಡುತ್ತೇನೆ. ವೇದಾಂತದ್ದೂ ಸೇರಿಸಿ ಒಟ್ಟಿಗೆ ನೋಡುವ ಮನಸ್ಸಿದ್ದರೆ ಹೇಳಿ.

ಭಾಷ್ಯಕಾರ:

ಖಂಡಿತ ಇದೆ. 181.4 ಮತ್ತು 294.5 ಎರಡರ ಅಡಿಯಲ್ಲೂ ಬರುವ ಭಾಷ್ಯಗಳ ಪಟ್ಟಿ ನನ್ನ ಹತ್ತಿರ ಅರ್ಧ ಆಗಿದೆ. ನಿಮ್ಮ ನಾಲ್ಕು ಕಾಲಂಗಳ ಹೆಸರು ಇಲ್ಲಿ ಹಾಕಿ, ನಾನೂ ಅದೇ ಕ್ರಮದಲ್ಲಿ ಜೋಡಿಸುತ್ತೇನೆ. ಮಧ್ವರಿಂದ ಶುರು ಮಾಡೋಣ. ಮಧ್ವಾಚಾರ್ಯ, ಆನಂದತೀರ್ಥ, ಪೂರ್ಣಪ್ರಜ್ಞ ಮೂರೂ ಹೆಸರು ಶೀರ್ಷಿಕೆ ಪುಟಗಳಲ್ಲಿ ಬರುತ್ತವೆ, ಕರ್ತೃತ್ವದ ಜಗಳ ಕಡಿಮೆ. 100 ಮತ್ತು 245 ಹೋಲಿಸುವ ಕ್ರಮ ಅಲ್ಲಿ ಚೆನ್ನಾಗಿ ಓಡಿದರೆ ಆಮೇಲೆ ಶಂಕರರ ಕಡೆ ಹೋಗಬಹುದು.